ಇಂಗ್ಲಿಷಿನಲ್ಲಿ ಸಿಟ್ಟಾಗುವುದು ಹೇಗೆ?

1951ರ ಏಪ್ರಿಲ್. ಕೊರಿಯಾದ ಇಮ್ಜಿನ್ ನದಿಯ ದಂಡೆಯಲ್ಲಿ ಬ್ರಿಟಿಷ್ ತುಕಡಿಯೊಂದನ್ನು ಚೀನಾದ ಸೈನ್ಯ ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ ‘ಅ ಬಿಟ್ ಸ್ಟಿಕಿ’ ಆಗಿದೆಯೆಂದು ತಿಳಿಸಿದ. ಬ್ರಿಟಿಷ್ ಸೇನಾಧಿಕಾರಿಯ ಬಾಯಲ್ಲಿ ಆ ಮಾತಿಗೆ ‘ಪ್ರಾಣಕ್ಕೇ ಬಂದಿದೆ’ ಎಂದರ್ಥ. ಅಮೆರಿಕನ್ ಕಿವಿಗೆ ಅದು ‘ಸ್ವಲ್ಪ ತೊಡಕಾಗಿದೆ, ನಿಭಾಯಿಸುತ್ತೇವೆ’ ಎಂದು ಕೇಳಿಸಿತು. ಹಿಂದೆ ಸರಿಯುವ ಅಪ್ಪಣೆ ಸಕಾಲಕ್ಕೆ ಬರಲಿಲ್ಲ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಆ ಬೆಟಾಲಿಯನ್ನಿನಲ್ಲಿ ಹೆಚ್ಚಿನವರು ಸೆರೆಸಿಕ್ಕರು, ಇಲ್ಲವೇ ಸತ್ತರು.

ಬ್ರಿಟನ್ನಿನಲ್ಲಿ ಈ ಪ್ರಸಂಗವನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಸೋಲಿಗೆ ಕಾರಣಗಳು ಬೇರೆಯೂ ಇದ್ದವು, ನಿಜ. ಆದರೆ ಆ ಇಬ್ಬರು ಅಧಿಕಾರಿಗಳ ತಾಯ್ನುಡಿಯೂ ಇಂಗ್ಲಿಷೇ ಆಗಿತ್ತು ಎಂಬುದನ್ನು ಗಮನಿಸಬೇಕು. ಅವರ ನಡುವೆಯೇ ಹೀಗಾದರೆ ಪಾಠದ ಪುಸ್ತಕದಿಂದ ಇಂಗ್ಲಿಷ್ ಕಲಿತವರ ಪಾಡೇನು?

ನಮ್ಮ ಶಾಲೆಗಳು ಕಲಿಸುವುದು ರಜಾ ಅರ್ಜಿಯ ಇಂಗ್ಲಿಷ್. ಅದರಲ್ಲಿ ಸಿಟ್ಟಿಗೆ ‘ಆಂಗ್ರಿ’, ಖುಷಿಗೆ ‘ಹ್ಯಾಪಿ’, ದುಃಖಕ್ಕೆ ‘ಸ್ಯಾಡ್’. ಮಾರ್ಕ್ಸ್ ಬರಲು ಇಷ್ಟು ಸಾಕು. ಆಮೇಲೆ ಮಗಳು ಮ್ಯಾಂಚೆಸ್ಟರ್‌ಗೆ ಓದಲು ಹೋಗುತ್ತಾಳೆ, ಅಳಿಯ ಮೆಲ್ಬರ್ನ್‌ನಲ್ಲಿ ಕೆಲಸಕ್ಕೆ ಸೇರುತ್ತಾನೆ, ಬೆಂಗಳೂರಿನ ಕಚೇರಿಯಲ್ಲಿ ಕೂತವರು ರಾತ್ರಿ ಹತ್ತಕ್ಕೆ ಟೆಕ್ಸಾಸಿನವರ ಜತೆ ಕಾಲ್‌ನಲ್ಲಿರುತ್ತಾರೆ. ಅಲ್ಲಿ ಯಾರೂ ‘ಆಂಗ್ರಿ’ ಆಗುವುದಿಲ್ಲ. ಒಬ್ಬ ‘ಪಿಸ್ಡ್ ಆಫ್’ ಆಗಿದ್ದಾನೆ, ಇನ್ನೊಬ್ಬಳು ‘ಗಟೆಡ್’, ಮತ್ತೊಬ್ಬ ‘ಸ್ಟೋಕ್ಡ್’. ಇಲ್ಲಿ ಏಳುವ ಪ್ರಶ್ನೆಗಳು ಎರಡು. ಅವರು ಹೇಳಿದ್ದರ ಅರ್ಥವೇನು ಎಂಬುದು ಒಂದು. ಅದನ್ನು ನಾನೂ ಹೇಳಬಹುದೇ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚಾಗಿ ಪೇಚಿಗೆ ಸಿಕ್ಕುವುದು.

ಅರ್ಥ ಹುಡುಕುವವರಿಗೆ ನೆರವಿನ ಕೊರತೆಯಿಲ್ಲ. ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಯ ಇಂಗ್ಲಿಷಿಗೆಂದೇ ಒಂದು ನಿಘಂಟನ್ನು 1785ರಲ್ಲೇ ತಂದಿದ್ದ. ಎರಿಕ್ ಪಾರ್ಟ್ರಿಜ್‌ನ ದೊಡ್ಡ ಸ್ಲ್ಯಾಂಗ್ ನಿಘಂಟು 1937ರಲ್ಲಿ ಬಂತು, ಜೊನಾಥನ್ ಗ್ರೀನ್‌ನ ಮೂರು ಸಂಪುಟಗಳು 2010ರಲ್ಲಿ. ಗ್ರೀನ್ ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಪದವನ್ನು ಯಾವ ವರ್ಷ ಯಾರು ಎಲ್ಲಿ ಬಳಸಿದರು ಎಂಬ ಉಲ್ಲೇಖಗಳಿರುವುದೇ ಅದರ ಬೆಲೆ. ನಮ್ಮ ಹುಡುಗರು ಮೊದಲು ನೋಡುವುದು 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿಯನ್ನು. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಅರ್ಧಕ್ಕರ್ಧ ತಮಾಷೆಗೇ ಬರೆಯುತ್ತಾರೆ. ಒಂದು ಪದ ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ಅದು ಸಾಕು, ನಂಬಿ ಬಾಯಿ ಬಿಡಲು ಸಾಲದು.

ಸಿಟ್ಟಿನಿಂದಲೇ ತೊಡಗೋಣ. ಈ ಖಜಾನೆಯಲ್ಲಿ ದೊಡ್ಡ ಪಾಲು ಅದರದ್ದೇ. ಭಾಷಾವಿಜ್ಞಾನಿಗಳಾದ ಜಾರ್ಜ್ ಲೇಕಾಫ್ ಮತ್ತು ಜೋಲ್ಟಾನ್ ಕೊವೆಚೆಶ್ 1980ರ ದಶಕದಲ್ಲಿ ತೋರಿಸಿದಂತೆ, ಇಂಗ್ಲಿಷಿನ ಸಿಟ್ಟು ಬಹುಮಟ್ಟಿಗೆ ಮುಚ್ಚಿದ ಪಾತ್ರೆಯಲ್ಲಿ ಕುದಿಯುವ ದ್ರವ. ಉಗಿ ಬಿಡುವುದು, ಕುದಿಯುವುದು, ಮುಚ್ಚಳ ಹಾರುವುದು ಎಲ್ಲ ಆ ಚಿತ್ರದಿಂದಲೇ ಬಂದವು. ಪಿತ್ತ ನೆತ್ತಿಗೇರುವ, ರಕ್ತ ಕುದಿಯುವ, ಮೈ ಉರಿಯುವ, ಕರಾವಳಿಯಲ್ಲಾದರೆ ‘ಮಂಡೆ ಬಿಸಿ’ಯಾಗುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಬ್ಲೋ ಯುವರ್ ಟಾಪ್’ ಎಂದರೆ ಅರ್ಥವಾಗಿಬಿಡುತ್ತದೆ. ಕಷ್ಟ ಬರುವುದು ಬೇರೆ ಕಡೆಯಿಂದ ಬಂದ ಮಾತುಗಳಲ್ಲಿ. ‘ಫ್ಲೈ ಆಫ್ ದ ಹ್ಯಾಂಡಲ್’ ಹುಟ್ಟಿದ್ದು ಕಾವಿನಿಂದ ಕಳಚಿ ಹಾರುವ ಕೊಡಲಿಯ ತಲೆಯಿಂದ. ‘ಗೋ ಬ್ಯಾಲಿಸ್ಟಿಕ್’ ಕ್ಷಿಪಣಿಯಿಂದ. ‘ಗೋಯಿಂಗ್ ಪೋಸ್ಟಲ್’ ಎಂಬುದನ್ನಂತೂ ಹಿನ್ನೆಲೆ ತಿಳಿಯದೆ ಆಡಲೇಬಾರದು. 1986ರಲ್ಲಿ ಒಕ್ಲಹೋಮಾದ ಎಡ್ಮಂಡ್ ಊರಿನ ಅಂಚೆ ಕಚೇರಿಯಲ್ಲಿ ಅಲ್ಲಿನದೇ ನೌಕರನೊಬ್ಬ 14 ಸಹೋದ್ಯೋಗಿಗಳನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಅಂಥ ಸರಣಿ ಘಟನೆಗಳ ಬೆನ್ನಿಗೆ ಹುಟ್ಟಿದ ಮಾತು ಅದು. ಪ್ರಿಂಟರ್ ಕೆಟ್ಟಿದ್ದಕ್ಕೆ ಅದನ್ನು ಬಳಸುವವರಿಗೆ ಈ ಹೆಣಗಳು ಕಾಣುವುದಿಲ್ಲ.

ಒಂದೇ ಪದ ಸಮುದ್ರ ದಾಟಿದಾಗ ಬೇರೆಯಾಗುವುದು ಇನ್ನೊಂದು ಬಲೆ. ಅಮೆರಿಕದಲ್ಲಿ ‘ಪಿಸ್ಡ್’ ಎಂದರೆ ಸಿಟ್ಟಾಗಿದ್ದಾನೆ. ಲಂಡನ್ನಿನಲ್ಲಿ ಕುಡಿದು ತೂರಾಡುತ್ತಿದ್ದಾನೆ. ‘ಆಫ್’ ಸೇರಿಸಿದರೆ ಎರಡೂ ಕಡೆ ಸಿಟ್ಟೇ. ‘ಮೈ ಬಾಸ್ ವಾಸ್ ಪಿಸ್ಡ್’ ಎಂದು ಲಂಡನ್ನಿನ ಕ್ಲೈಂಟ್ ಮುಂದೆ ಹೇಳುವ ಮೊದಲು ಇದನ್ನು ನೆನೆದರೆ ಬಾಸ್‌ನ ಮರ್ಯಾದೆ ಉಳಿಯುತ್ತದೆ. ‘ಮ್ಯಾಡ್’ ಅಮೆರಿಕನ್ನರಿಗೆ ಸಿಟ್ಟು, ಬ್ರಿಟಿಷರಿಗೆ ಸಾಮಾನ್ಯವಾಗಿ ಹುಚ್ಚು. ಐರ್ಲೆಂಡಿನಲ್ಲಿ ‘ರೇಜಿಂಗ್’ ಎಂದವನು ಬೆಂಕಿ ಕಾರುತ್ತಿರಬೇಕೆಂದಿಲ್ಲ, ಬಸ್ ತಪ್ಪಿ ಬೇಜಾರು ಮಾಡಿಕೊಂಡವನೂ ‘ರೇಜಿಂಗ್’. ನಾಚಿಕೆಯಾದರೆ ಅಲ್ಲಿ ‘ಸ್ಕಾರ್ಲೆಟ್’. ಸ್ಕಾಟರು ರೋಸಿಹೋದಾಗ ‘ಸ್ಕನರ್ಡ್’ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ದೊಡ್ಡವರು ಮಕ್ಕಳಂತೆ ರಚ್ಚೆ ಹಿಡಿದರೆ ‘ಸ್ಪಿಟ್ ದ ಡಮ್ಮಿ’. ಡಮ್ಮಿ ಎಂದರೆ ಮಗು ಚೀಪುವ ರಬ್ಬರ್ ನಿಪ್ಪಲ್. ರಚ್ಚೆಗೆ ಬಿದ್ದ ಮಗು ಅದನ್ನು ಉಗಿದು ಚೀರುವುದನ್ನು ಕಂಡವರಿಗೆ ಈ ಮಾತು ಮರೆಯುವುದಿಲ್ಲ.

ಸಂತೋಷ ಮತ್ತು ನಿರಾಸೆಯ ಮಾತುಗಳು ಇಷ್ಟು ಅಪಾಯದವಲ್ಲ, ಹಾಗಾಗಿ ಕಲಿಯುವವರಿಗೆ ಒಳ್ಳೆಯ ಶುರುವಾತು. 1970ರ ದಶಕದ ಇಂಗ್ಲಿಷ್ ಫುಟ್‌ಬಾಲ್ ಮ್ಯಾನೇಜರುಗಳು ಗೆದ್ದರೆ ‘ಓವರ್ ದ ಮೂನ್’, ಸೋತರೆ ‘ಸಿಕ್ ಆ್ಯಸ್ ಅ ಪ್ಯಾರಟ್’ ಎಂದು ಹೇಳಿ ಹೇಳಿ ಆ ಮಾತುಗಳೇ ನಗೆಪಾಟಲಾದವು. ಈಗಿನ ಆಟಗಾರರು ಸೋತಾಗ ‘ಗಟೆಡ್’ ಆಗುತ್ತಾರೆ, ಕರುಳು ಬಗೆದಂತೆ. ‘ಚಫ್ಡ್’ ಎಂದರೆ ಒಳಗೊಳಗೇ ಹಿಗ್ಗಿರುವುದು, ‘ಗಾಬ್‌ಸ್ಮ್ಯಾಕ್ಡ್’ ಎಂದರೆ ಬಾಯಿಗೆ ಬಡಿದಂತೆ ದಂಗಾಗಿರುವುದು. ಇವೆಲ್ಲ ಬ್ರಿಟನ್ನಿನವು. ಹುಮ್ಮಸ್ಸು ಉಕ್ಕಿದಾಗಿನ ಅಮೆರಿಕದ ‘ಸ್ಟೋಕ್ಡ್’ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರ ನಡುವೆ ಬೆಳೆದದ್ದು, ಗಾಬರಿ ಬಿದ್ದಾಗಿನ ‘ಫ್ರೀಕ್ ಔಟ್’ 1960ರ ದಶಕದ ಹಿಪ್ಪಿಗಳ ಕಾಲದ್ದು. ಮೊದಲಿನದು ಐವತ್ತು ದಾಟಿದ ಉಡುಪಿಯ ಮೇಷ್ಟ್ರ ಬಾಯಲ್ಲಿ ಹೇಗೆ ಕೇಳಿಸೀತೆಂದು ಯೋಚಿಸಿ. ಪದದಲ್ಲಿ ತಪ್ಪಿಲ್ಲ, ವಯಸ್ಸು ಹೊಂದುವುದಿಲ್ಲ.

ಒಂದು ಸಾಲವನ್ನು ಇಲ್ಲಿ ಹೇಳಲೇಬೇಕು. ಇಂದು ಮೊಬೈಲಿನಲ್ಲಿ ಹರಿದಾಡುವ ‘ಶುಕ್’, ‘ಸಾಲ್ಟಿ’, ‘ಲಿಟ್’, ‘ಸ್ಲೇ’ ಮುಂತಾದವುಗಳಲ್ಲಿ ಬಹುಪಾಲು ಕಪ್ಪು ಅಮೆರಿಕನ್ನರ ಮಾತಿನಿಂದ ಬಂದವು. ಮುನಿಸಿಗೆ ‘ಸಾಲ್ಟಿ’ ಎನ್ನುವುದು ಅವರಲ್ಲಿ 1930ರ ದಶಕದಲ್ಲೇ ಇತ್ತು. ದುಃಖದ ಒಂದು ಬಣ್ಣಕ್ಕೆ ‘ಬ್ಲೂಸ್’ ಎಂದು ಸಂಗೀತವನ್ನೇ ಕಟ್ಟಿದವರು ಅವರು. ‘ಜೆನ್ ಜೀ ಭಾಷೆ’ ಎಂದು ಪತ್ರಿಕೆಗಳು ಹೊಸ ಹೆಸರಿಟ್ಟು ಮಾರುವಾಗ ಈ ಮೂಲ ಅಳಿಸಿಹೋಗುತ್ತದೆ. ಬೇರೆಯವರು ಅವರ ಧಾಟಿಯನ್ನೇ ಅನುಕರಿಸಿ ಆಡಿದರೆ ಅಣಕಿಸಿದಂತಾಗುತ್ತದೆ ಎಂಬ ಆಕ್ಷೇಪ ಅಮೆರಿಕದಲ್ಲಿ ಬಲವಾಗಿದೆ, ನನಗೂ ಅದು ಸರಿಯೆನಿಸುತ್ತದೆ.

ಮಾತಿನ ಖಾರ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ‘ಬ್ಲಡಿ’ಯಷ್ಟು ಒಳ್ಳೆಯ ಉದಾಹರಣೆ ಬೇರೆಯಿಲ್ಲ. 1914ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ರಂಗಕ್ಕೆ ಬಂದಾಗ, ಹೂ ಮಾರುವ ಎಲೈಜಾಳ ಪಾತ್ರದಲ್ಲಿ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್ ಈ ಒಂದು ಪದ ಆಡಿದ್ದೇ ತಡ, ಸಭೆ ಬೆಚ್ಚಿಬಿದ್ದು ನಕ್ಕಿತು. ಪತ್ರಿಕೆಗಳು ದಿನಗಟ್ಟಲೆ ಅದನ್ನೇ ಬರೆದವು. ಅಚ್ಚು ಮಾಡಲಾಗದ ಆ ಪದದ ಬದಲಿಗೆ ಜನ ತಮಾಷೆಗೆ ‘ಪಿಗ್ಮೇಲಿಯನ್’ ಎಂದೇ ಅನ್ನತೊಡಗಿದರು! 1964ರಲ್ಲಿ ಅದೇ ಕಥೆ ‘ಮೈ ಫೇರ್ ಲೇಡಿ’ ಸಿನಿಮಾ ಆಗುವಷ್ಟರಲ್ಲಿ ‘ಬ್ಲಡಿ’ಗೆ ಯಾರೂ ಬೆಚ್ಚುತ್ತಿರಲಿಲ್ಲ, ಎಲೈಜಾಳ ಬಾಯಿಗೆ ಬೇರೆ ಪದ ಹಾಕಬೇಕಾಯಿತು. ಆಸ್ಟ್ರೇಲಿಯಾದವರಿಗಂತೂ ಅದು ಉಪ್ಪಿನಂತೆ. 2006ರಲ್ಲಿ ಅವರ ಪ್ರವಾಸೋದ್ಯಮದ ಜಾಹೀರಾತೇ ಆ ಪದ ಹಾಕಿ ಜಗತ್ತನ್ನು ಕರೆಯಿತು. ಬ್ರಿಟನ್ನಿನ ಟಿವಿ ಮೊದಲು ತಡೆದು, ಗಲಾಟೆಯಾದ ಮೇಲೆ ಬಿಟ್ಟಿತು.

ಭಾರತದಲ್ಲಿ ಇದರ ದಾರಿಯೇ ಬೇರೆ. ಸಾಹೇಬರು ಆಳುಕಾಳುಗಳನ್ನು ಬೈದ ಪದವಾಗಿ ನಮಗದು ಬಂತು, ಹಳೆಯ ಕನ್ನಡ ಸಿನಿಮಾದ ಸೂಟುಬೂಟಿನ ಖಳನಾಯಕನ ‘ಯೂ ಬ್ಲಡಿ ಫೂಲ್’ ಆಗಿ ಉಳಿಯಿತು. ಹಾಗಾಗಿ ನಮ್ಮಲ್ಲಿ ಇಂದಿಗೂ ಅದು ಜಗಳದ ಮಾತು. ಲೀಡ್ಸ್‌ನ ಸಹೋದ್ಯೋಗಿ ‘ಬ್ಲಡಿ ಗುಡ್’ ಎಂದು ಬೆನ್ನು ತಟ್ಟಿದಾಗ ನಮ್ಮವರ ಮುಖ ಗಂಟಿಕ್ಕುವುದು ಇದಕ್ಕೇ. ‘ರಾಸ್ಕಲ್’ ಕೂಡ ಹಾಗೆಯೇ. ಇಂಗ್ಲೆಂಡಿನಲ್ಲಿ ತುಂಟ ಮೊಮ್ಮಗನನ್ನು ಅಜ್ಜಿ ಮುದ್ದಿನಿಂದ ಕರೆಯುವ ಪದ. ನಮ್ಮಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅಂದರೆ ಕಾಲರ್ ಹಿಡಿಯುತ್ತಾರೆ. ಭಾರತೀಯ ಇಂಗ್ಲಿಷಿನ ಈ ಎರಡು ಪದಗಳನ್ನು ತಪ್ಪು ಎನ್ನಲಾಗದು. ಅವು ನಮ್ಮ ನೆಲದ ತೂಕ ಪಡೆದಿವೆ, ಅಷ್ಟೆ. ಹೊರಗೆ ಹೋದಾಗ ಆ ತೂಕ ಬದಲಾಗುತ್ತದೆ.

ಬೈಗುಳಕ್ಕೆ ಮುಸುಕು ಹಾಕುವ ಕಲೆ ಇಂಗ್ಲಿಷಿನಲ್ಲಿ ಬಹಳ ಹಳೆಯದು. ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ 10 ಪೌಂಡ್ ದಂಡ ಎಂದು ಇಂಗ್ಲೆಂಡಿನ ಪಾರ್ಲಿಮೆಂಟು 1606ರಲ್ಲಿ ಕಾಯಿದೆ ಮಾಡಿತ್ತು. ಆಣೆ ಪ್ರಮಾಣಗಳನ್ನು ತಿರುಚಿ ಆಡುವುದು ಅದಕ್ಕೂ ಹಿಂದಿನಿಂದ ಇತ್ತು, ಆಮೇಲೂ ನಡೆಯಿತು. ‘ಬ್ಲೈಮಿ’ಯೊಳಗೆ ‘ದೇವರು ನನ್ನನ್ನು ಕುರುಡು ಮಾಡಲಿ’ ಎಂಬ ಶಾಪವಿದೆ. ‘ಜೀ’, ‘ಜೀಝ್’ ಎಂದರೆ ಜೀಸಸ್, ‘ಕ್ರೈಕಿ’ ಎಂದರೆ ಕ್ರೈಸ್ಟ್, ‘ಗಾಶ್’ ಎಂದರೆ ಗಾಡ್. ‘ಡಾರ್ನ್’, ‘ಹೆಕ್’ಗಳು ಡ್ಯಾಮ್ ಮತ್ತು ಹೆಲ್‌ನ ಸಭ್ಯ ವೇಷಗಳು. ‘ಶೂಟ್’, ‘ಫ್ಲಿಪಿಂಗ್’, ‘ಫ್ರೀಕಿಂಗ್’ ಯಾವುದರ ಬದಲಿ ಎಂದು ಹೇಳಬೇಕಿಲ್ಲ. ಈಗ ಕಾವಲುಗಾರ ಬದಲಾಗಿದ್ದಾನೆ. ಪಾರ್ಲಿಮೆಂಟಿನ ಜಾಗದಲ್ಲಿ ಆಲ್ಗಾರಿದಮ್ ಕೂತಿದೆ. ಸಾವು, ಆತ್ಮಹತ್ಯೆ ಎಂಬ ಪದ ಕಂಡರೆ ವಿಡಿಯೊ ಕೆಳಗಿಳಿಸೀತೆಂಬ ಭಯಕ್ಕೆ ಟಿಕ್‌ಟಾಕ್‌ನವರು ‘ಅನ್‌ಅಲೈವ್’ ಎನ್ನುತ್ತಾರೆ. ನಾನೂರು ವರ್ಷಗಳ ಹಿಂದಿನ ಉಪಾಯವೇ.

ಯಾವುದು ಕೆಟ್ಟ ಮಾತು ಎಂಬ ಎಣಿಕೆಯೂ ಬದಲಾಗಿದೆ. ಒಂದು ಕಾಲದಲ್ಲಿ ದೇವರ ಹೆಸರು, ಮುಂದೆ ದೇಹದ ಅಂಗಗಳು ಮತ್ತು ಕ್ರಿಯೆಗಳು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ 2016ರಲ್ಲೂ 2021ರಲ್ಲೂ ವೀಕ್ಷಕರನ್ನು ಕೇಳಿದಾಗ ಜನ ಸಹಿಸದೆ ಹೋದದ್ದು ಜನಾಂಗ, ಅಂಗವೈಕಲ್ಯ, ಲೈಂಗಿಕತೆಯನ್ನು ಹೀಯಾಳಿಸುವ ಪದಗಳನ್ನು. ಕಲಿಯುವವರು ಇದನ್ನು ಗಟ್ಟಿ ಮಾಡಿಕೊಳ್ಳಬೇಕು. ‘ಎಫ್’ ಅಕ್ಷರದ ಪದ ಬಾಯಿ ತಪ್ಪಿ ಬಂದರೆ ಕ್ಷಮೆ ಸಿಕ್ಕೀತು, ಸಮುದಾಯವನ್ನು ಹಂಗಿಸುವ ಪದಕ್ಕೆ ಕೆಲಸವೇ ಹೋದೀತು.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಜನ ಯಾಕೆ ಬಯ್ಯುತ್ತಾರೆ? ಬೈಗುಳ ಕೆಲಸ ಮಾಡುತ್ತದೆ, ಅದಕ್ಕೆ. ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಕೈಯನ್ನು ಕೊರೆಯುವ ಐಸ್ ನೀರಿನಲ್ಲಿ ಅದ್ದಿಸಿ ನೋಡಿದರು. ಮಾಮೂಲಿ ಪದ ಹೇಳಿದಾಗಿನದಕ್ಕಿಂತ ಬೈಗುಳ ಹೇಳಿದಾಗ ಅವರು ಹೆಚ್ಚು ಹೊತ್ತು ತಾಳಿಕೊಂಡರು. 2009ರಲ್ಲಿ ಪ್ರಕಟವಾದ ಇದಕ್ಕೆ ಮರುವರ್ಷ ಇಗ್ ನೊಬೆಲ್‌ನ ಶಾಂತಿ ಪ್ರಶಸ್ತಿ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಪ್ರಶಸ್ತಿ ಅದು. 2011ರ ಮುಂದಿನ ಅಧ್ಯಯನ ಇನ್ನೂ ಸ್ವಾರಸ್ಯದ್ದು. ದಿನವಿಡೀ ಬಯ್ಯುವವರಿಗೆ ಈ ಲಾಭ ಕಡಿಮೆ. ಪಾರ್ಶ್ವವಾಯು ಬಡಿದು ಮಾತು ನಿಂತವರಲ್ಲೂ ಕೆಲವರ ಬಾಯಲ್ಲಿ ಬೈಗುಳವೊಂದು ಸಲೀಸಾಗಿ ಹೊರಬರುವುದನ್ನು ವೈದ್ಯರು 19ನೇ ಶತಮಾನದಿಂದಲೇ ದಾಖಲಿಸಿದ್ದಾರೆ. ಅಂದರೆ ಈ ಮಾತುಗಳ ಬೇರು ವ್ಯಾಕರಣದ ಮಿದುಳಿಗಿಂತ ಆಳದಲ್ಲಿದೆ.

ನಮ್ಮ ಪ್ರಶ್ನೆಯ ಗಂಟು ಇರುವುದೂ ಇಲ್ಲೇ. ಕಲಿತ ಭಾಷೆಯ ಮಾತು ಅಷ್ಟು ಆಳಕ್ಕೆ ಇಳಿಯುತ್ತದೆಯೇ? ಬೋಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು ಇಂಗ್ಲಿಷನ್ನು ತಡವಾಗಿ ಕಲಿತ ತುರ್ಕಿ ಭಾಷಿಕರ ಬೆರಳಿಗೆ ತಂತಿ ಜೋಡಿಸಿ, ಚರ್ಮದ ಬೆವರಿನಿಂದ ಮನಸ್ಸಿನ ಕಲಕನ್ನು ಅಳೆದರು. ಚಿಕ್ಕಂದಿನಲ್ಲಿ ಅಮ್ಮ ಗದರುವಂಥ ಮಾತುಗಳು ತುರ್ಕಿಯಲ್ಲಿ ಕೇಳಿದಾಗ ಮೈ ಹೆಚ್ಚು ಸ್ಪಂದಿಸಿತು, ಇಂಗ್ಲಿಷಿನಲ್ಲಿ ಕಡಿಮೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಜಾನ್-ಮಾರ್ಕ್ ಡೆವಾಲೆ ಸಾವಿರಕ್ಕೂ ಹೆಚ್ಚು ಬಹುಭಾಷಿಕರನ್ನು ಪ್ರಶ್ನಿಸಿ ಅದೇ ದಿಕ್ಕಿನ ಉತ್ತರ ಪಡೆದರು: ಬೈಗುಳದ ಪೆಟ್ಟು ಮೊದಲ ಭಾಷೆಯಲ್ಲೇ ಜೋರು.

ಇದಕ್ಕೆ ಸಾಕ್ಷಿ ಹುಡುಕಲು ಲಂಡನ್ನಿಗೆ ಹೋಗಬೇಕಿಲ್ಲ. ಬೆಂಗಳೂರಿನ ಯಾವ ಮನೆಯಲ್ಲಾದರೂ ನೋಡಿ. ಕೈಯಿಂದ ಮೊಬೈಲ್ ಜಾರಿದಾಗ ಹುಡುಗಿ ‘ಶಿಟ್’ ಎನ್ನುತ್ತಾಳೆ, ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿರುವ ಅಜ್ಜಿ ತಲೆ ಎತ್ತುವುದಿಲ್ಲ. ಅದೇ ವಸ್ತುವಿನ ಕನ್ನಡ ಹೆಸರನ್ನು ಆಕೆ ಕೂಗಿದ್ದರೆ ಮನೆಯಲ್ಲಿ ರಾಮಾಯಣ. ‘ಐ ಲವ್ ಯೂ’ ಎಂದು ದಿನಕ್ಕೆ ಹತ್ತು ಸಲ ಮೆಸೇಜು ಮಾಡುವ ಹುಡುಗನಿಗೆ ಅದನ್ನೇ ಕನ್ನಡದಲ್ಲಿ ಹೇಳು ಎಂದರೆ ಗಂಟಲು ಕಟ್ಟುತ್ತದೆ. ಇಂಗ್ಲಿಷ್ ನಮಗೆ ಕೈಗವಸು ತೊಟ್ಟು ಬಿಸಿ ಪಾತ್ರೆ ಹಿಡಿದಂತೆ, ಸುಡುವುದಿಲ್ಲ. ಎದುರಿಗಿರುವವರು ಬರಿಗೈಯಲ್ಲಿ ಹಿಡಿದಿದ್ದಾರೆ ಎಂಬುದು ನಮಗೆ ಮರೆತುಹೋಗುತ್ತದೆ.

ನಾವು ಯಾವಾಗಲೂ ಕಡಿಮೆ ತೂಗುತ್ತೇವೆ ಎಂದೂ ಅಲ್ಲ. ಡೆವಾಲೆ 2016ರಲ್ಲಿ ಮೂವತ್ತು ಇಂಗ್ಲಿಷ್ ಪದಗಳನ್ನು ಕೊಟ್ಟು ಯಾವುದು ಎಷ್ಟು ನೋಯಿಸುತ್ತದೆಂದು ಕೇಳಿದರು. ಇಂಗ್ಲಿಷನ್ನು ಕಲಿತು ಆಡುವವರು ಹೆಚ್ಚಿನ ಪದಗಳನ್ನು ಇರುವುದಕ್ಕಿಂತ ಕೆಟ್ಟವೆಂದು ಎಣಿಸಿದರು, ಎಲ್ಲಕ್ಕಿಂತ ಕೆಟ್ಟದ್ದನ್ನು ಮಾತ್ರ ಕಡಿಮೆಯೆಂದು ತಿಳಿದರು. ಸಣ್ಣದಕ್ಕೆ ಹೆದರುವುದು, ದೊಡ್ಡದಕ್ಕೆ ಎಡವುವುದು.

ಈಚಿನ ಎರಡು ಚಾಳಿಗಳ ಬಗ್ಗೆ ನನ್ನ ತಕರಾರಿದೆ. ಮೊದಲನೆಯದು ಉಬ್ಬರ. ನಗು ಬಂದರೆ ‘ಐ ಆ್ಯಮ್ ಡೆಡ್’ ಮತ್ತು ಒಂದು ಬುರುಡೆ ಎಮೋಜಿ. ಚಟ್ನಿ ಚೆನ್ನಾಗಿದ್ದರೆ ‘ಒಬ್ಸೆಸ್ಡ್’. ಕಣ್ಣೀರು ಬರುವಷ್ಟು ನಗುವ ಮುಖವನ್ನು ಆಕ್ಸ್‌ಫರ್ಡ್‌ನವರು 2015ರಲ್ಲಿ ವರ್ಷದ ಪದವೆಂದು ಆರಿಸಿದ್ದರು. ಇಂದಿನ ಹುಡುಗರಿಗೆ ಆ ಮುಖವೂ ಹಳತು, ಅಪ್ಪ ಅಮ್ಮಂದಿರ ಎಮೋಜಿ. ಉಬ್ಬರದಿಂದ ದೊಡ್ಡ ಅನಾಹುತವೇನೂ ಇಲ್ಲ, ನಾಳೆ ಇಳಿಯುತ್ತದೆ. ಎರಡನೆಯದು ಹಾಗಲ್ಲ. ಕಾಯಿಲೆಯ ಹೆಸರುಗಳನ್ನು ಮನಸ್ಥಿತಿಗೆ ಅಂಟಿಸುವುದು: ಆರ್‌ಸಿಬಿ ಸೋತರೆ ‘ಡಿಪ್ರೆಸ್ಡ್’, ಮೇಜು ಒರೆಸಿದರೆ ‘ಓಸಿಡಿ’, ಮಾತು ಬದಲಿಸಿದವರು ‘ಬೈಪೋಲಾರ್’. ‘ಮೆಂಟಲ್’ ಎಂಬ ವಿಶೇಷಣವನ್ನೇ ಬೈಗುಳವಾಗಿಸಿದ ನಾಡು ನಮ್ಮದು. ಇನ್ನಷ್ಟು ಸೇರಿಸಿಕೊಳ್ಳುವ ಅಗತ್ಯವಿಲ್ಲ. ನಿಜವಾಗಿ ಖಿನ್ನತೆಯಲ್ಲಿರುವವರು ಹಾಗೆಂದು ಹೇಳಿದಾಗ ಯಾರೂ ಕಿವಿಗೊಡದಂತಾಗುತ್ತದೆ.

ಇನ್ನು ಬಳಕೆಯ ಮಾತು. ಇಲ್ಲಿ ವ್ಯಾಕರಣವೂ ಕಾಲೆಳೆಯುತ್ತದೆ. ‘ವೆರಿ ಗಟೆಡ್’ ಎಂದಾಗಲಿ, ಕೋಪ ಉಕ್ಕಿದಾಗ ‘ವೆರಿ ಲಿವಿಡ್’ ಎಂದಾಗಲಿ ಯಾರೂ ಅನ್ನುವುದಿಲ್ಲ; ತುದಿ ಮುಟ್ಟಿದ ಪದಕ್ಕೆ ‘ಆಬ್ಸಲೂಟ್ಲಿ’ಯೇ ಬೇಕು. ಬ್ರಿಟಿಷರು ಇನ್ನೂ ಮುಂದೆ ಹೋಗಿ ಪದದ ಹೊಟ್ಟೆಯೊಳಗೇ ಬೈಗುಳ ತೂರಿಸಿ ‘ಆಬ್ಸೊ-ಬ್ಲಡಿ-ಲೂಟ್ಲಿ’ ಎನ್ನುತ್ತಾರೆ. ತೂರಿಸುವುದು ಎಲ್ಲೆಂದರಲ್ಲಿ ಅಲ್ಲ, ಒತ್ತು ಬೀಳುವ ಅಕ್ಷರದ ಮುಂದೆ. ಇದರ ನಿಯಮವನ್ನು ಜಾನ್ ಮೆಕಾರ್ತಿ 1982ರಲ್ಲಿ ಗಂಭೀರ ಪ್ರಬಂಧವಾಗಿಯೇ ಬರೆದಿದ್ದಾರೆ. ಆ ನಿಯಮ ಓದದ ಇಂಗ್ಲಿಷ್ ಮಗುವೂ ಮುಂದೆ ಅದನ್ನು ತಪ್ಪದೆ ಪಾಲಿಸುತ್ತದೆ, ಓದಿದ ನಾವು ತಡವರಿಸುತ್ತೇವೆ.

ಕಚೇರಿಯಲ್ಲಿ ಒಂದು ಅಳತೆ ಇಟ್ಟುಕೊಳ್ಳಬಹುದು. ‘ನಾಟ್ ಬೆಸ್ಟ್ ಪ್ಲೀಸ್ಡ್’, ‘ಅ ಬಿಟ್ ಡಿಸಪಾಯಿಂಟೆಡ್’ ಎಂದು ಬ್ರಿಟಿಷ್ ಕ್ಲೈಂಟ್ ಬರೆದರೆ ನೀರು ಕುತ್ತಿಗೆಗೆ ಬಂದಿದೆ ಎಂದೇ ತಿಳಿಯಬೇಕು. ಫೋನಿನಲ್ಲಿ ಅಮೆರಿಕನ್ ಗ್ರಾಹಕ ‘ಐ ಆ್ಯಮ್ ಗೆಟಿಂಗ್ ಅ ಲಿಟ್ಲ್ ಫ್ರಸ್ಟ್ರೇಟೆಡ್’ ಎಂದಾಗಲೂ ಅಷ್ಟೆ. ಇಂಥ ಮಾತಿಗೆ ಉತ್ತರ ಬರೆಯುವಾಗ ನಾವು ಸ್ಲ್ಯಾಂಗ್ ಹಾಕಬಾರದು. ಮಾತಿನಲ್ಲಿ ಧಾಟಿ, ಮುಖ, ನಗು ಜತೆಗಿರುತ್ತವೆ. ಇಮೇಲಿನಲ್ಲಿ ಪದ ಒಂದೇ ಉಳಿಯುತ್ತದೆ, ಮತ್ತು ಅದು ಉಳಿದೇ ಇರುತ್ತದೆ. ಸ್ನೇಹಿತರ ನಡುವೆ ಮೊದಲು ಅವರು ಆಡಲಿ. ಅವರ ಗುಂಪಿನಲ್ಲಿ ನಿಮ್ಮ ವಯಸ್ಸಿನವರು, ನಿಮ್ಮಷ್ಟೇ ಸಲಿಗೆಯಿರುವವರು ಬಳಸುವುದನ್ನು ಕೆಲವು ಸಲ ಕೇಳಿದ ಮೇಲೆ ಬಳಸಿದರೆ ಎಡವುವ ಸಂಭವ ಕಡಿಮೆ. ‘ಚಫ್ಡ್’, ‘ಗಾಬ್‌ಸ್ಮ್ಯಾಕ್ಡ್’, ‘ಓವರ್ ದ ಮೂನ್’, ‘ಹ್ಯಾಂಗ್ರಿ’ಗಳಿಂದ ಯಾರಿಗೂ ನೋವಾಗದು, ಹಸಿವಿನ ಸಿಟ್ಟಿನ ಆ ಕೊನೆಯ ಪದ 2018ರಲ್ಲಿ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು. ಬೈಗುಳದ ಪದಗಳನ್ನು ಅರ್ಥ ಮಾಡಿಕೊಂಡು ಅಲ್ಲಿಗೇ ಬಿಡುವುದು ಲೇಸು.

ಏನೂ ತೋಚದಿದ್ದರೆ ‘ಅಯ್ಯೋ’ ಎಂದುಬಿಡಿ. 2016ರಿಂದ ಅದೂ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿದೆ.

ನಮ್ಮ ಇಂಗ್ಲಿಷ್ ಮೇಷ್ಟ್ರುಗಳಲ್ಲೂ ನಿಘಂಟು ಮಾಡುವವರಲ್ಲೂ ಒಂದು ಕೋರಿಕೆ. ‘ಗಟೆಡ್’ ಎದುರು ‘ನಿರಾಶೆಗೊಂಡ’ ಎಂದು ಬರೆದು ಮುಗಿಸಬೇಡಿ. ಯಾವ ದೇಶದ್ದು, ಯಾವ ವಯಸ್ಸಿನವರದು, ಖಾರ ಎಷ್ಟು, ಯಾರ ಮುಂದೆ ಆಡಬಾರದು ಎಂಬ ನಾಲ್ಕು ಗುರುತುಗಳನ್ನು ಜತೆಗೆ ಹಾಕಿ. ಇನ್ನೂರು ಪದಗಳಿಗೆ ಅಷ್ಟು ಮಾಡಿದ ಒಂದು ಕಿರುಹೊತ್ತಗೆ ಕನ್ನಡದಲ್ಲಿ ಬಂದರೆ, ವಿಮಾನ ಹತ್ತುವ ಮಕ್ಕಳ ಚೀಲದಲ್ಲಿ ಉಪ್ಪಿನಕಾಯಿಯ ಪಕ್ಕ ಅದಕ್ಕೂ ಜಾಗ ಮಾಡಬಹುದು.